ಆ ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ

ಫ್ರಾನ್ಸಿನ ಲೆ ಮಾನ್ ಪಟ್ಟಣದ ಹೆಸರು ಕಾರು ಓಟದ ಅಭಿಮಾನಿಗಳಿಗೆ ಚೆನ್ನಾಗಿ ಗೊತ್ತು. ಇಪ್ಪತ್ತನಾಲ್ಕು ಗಂಟೆ ಬಿಡದೆ ನಡೆಯುವ ರೇಸಿನ ಊರು ಅದು. ಅದೇ ಊರಿನ ಕ್ಯಾನ್ಸರ್ ತಜ್ಞ ಫಾಬ್ರಿಸ್ ದೆನಿ ಮತ್ತು ಸಂಗಡಿಗರು 2014ರಲ್ಲಿ ಒಂದು ಪ್ರಯೋಗ ಶುರುಮಾಡಿದರು. ಶ್ವಾಸಕೋಶದ ಕ್ಯಾನ್ಸರ್‌ಗೆ ಮೊದಲ ಸುತ್ತಿನ ಚಿಕಿತ್ಸೆ ಮುಗಿಸಿದ್ದ 133 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಎಂದಿನಂತೆ ಕೆಲವು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಂದು ಸ್ಕ್ಯಾನ್ ಮಾಡಿಸಿಕೊಂಡು ಹೋಗಬೇಕು. ಇನ್ನೊಂದು ಗುಂಪಿನವರು ವಾರಕ್ಕೊಮ್ಮೆ ಮನೆಯಲ್ಲೇ ಕುಳಿತು ತಮ್ಮ ದೇಹದ ಸಮಾಚಾರವನ್ನು ಒಂದು ವೆಬ್ ಆ್ಯಪ್‌ಗೆ ತಿಳಿಸಬೇಕು. ಕೆಮ್ಮು ಹೇಗಿದೆ, ಉಸಿರು ಕಟ್ಟುತ್ತದೆಯೇ, ತೂಕ ಇಳಿದಿದೆಯೇ, ಊಟ ಸೇರುತ್ತದೆಯೇ, ದನಿ ಬದಲಾಗಿದೆಯೇ, ಕಫದಲ್ಲಿ ರಕ್ತ ಕಂಡಿತೇ, ಮುಖ ಊದಿಕೊಂಡಿದೆಯೇ, ಮನಸ್ಸು ಕುಗ್ಗಿದೆಯೇ, ಹೀಗೆ ಡಜನ್‌ನಷ್ಟು ಲಕ್ಷಣಗಳು. ಉತ್ತರಗಳಲ್ಲಿ ಏನಾದರೂ ಎಡವಟ್ಟು ಕಂಡರೆ ವೈದ್ಯರಿಗೆ ತಾನಾಗಿಯೇ ಸಂದೇಶ ಹೋಗುತ್ತದೆ.

ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಎಂದಿನ ತಪಾಸಣೆಯ ಗುಂಪಿನಲ್ಲಿ ಬದುಕುಳಿದ ಅವಧಿಯ ಮಧ್ಯಾಂಕ 12 ತಿಂಗಳು, ವಾರವಾರ ಉತ್ತರ ಕೊಟ್ಟವರಲ್ಲಿ 19 ತಿಂಗಳು. ಒಂದು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ ಅರ್ಧದಷ್ಟು ಜನ ಉಳಿದಿದ್ದರೆ ಎರಡನೆಯದರಲ್ಲಿ ಮುಕ್ಕಾಲು ಪಾಲು ಉಳಿದಿದ್ದರು. ಹೊಸ ಔಷಧಿಯೇನೂ ಕೊಟ್ಟಿರಲಿಲ್ಲ. ರೋಗ ಮರುಕಳಿಸಿದಾಗ ಅದು ಬೇಗ ಗೊತ್ತಾಯಿತು, ರೋಗಿ ಇನ್ನೂ ಎದ್ದು ಓಡಾಡಿಕೊಂಡಿರುವಾಗಲೇ ಗೊತ್ತಾಯಿತು, ಆದ್ದರಿಂದ ಮುಂದಿನ ಚಿಕಿತ್ಸೆಯನ್ನು ತಾಳಿಕೊಳ್ಳುವ ಶಕ್ತಿ ಅವರಲ್ಲಿ ಉಳಿದಿತ್ತು. ಪ್ರಯೋಗ ಚಿಕ್ಕದು, ನಿಜ. ಆದರೂ ಏಳು ತಿಂಗಳ ಅಂತರವನ್ನು ಕ್ಯಾನ್ಸರ್ ವೈದ್ಯರು ಹಗುರವಾಗಿ ಕಾಣುವುದಿಲ್ಲ.

ಈ ಪ್ರಯೋಗವನ್ನು ಓದುವಾಗ ನನ್ನ ಕಣ್ಣು ಹೋದದ್ದು ಆ ಪ್ರಶ್ನೆಗಳ ಪಟ್ಟಿಯ ಕಡೆಗೆ. ಶ್ವಾಸಕೋಶದ ಕ್ಯಾನ್ಸರ್ ಇರುವವರಿಗೆ ಎಲ್ಲ ದೇಶಗಳಲ್ಲೂ ಎಲ್ಲರೂ ಕೇಳುವ ಪ್ರಶ್ನೆಯೊಂದು ಅಲ್ಲಿ ಇಲ್ಲ. ‘ಸಿಗರೇಟು ಸೇದುತ್ತಿದ್ದಿರಾ?’ ಎಂದು ಅದು ವಾರವಾರ ಕೇಳುವುದಿಲ್ಲ. ದೆನಿ ಅವರ ತಂಡ ಅಳೆಯಲು ಹೊರಟದ್ದು ಆಯುಷ್ಯವನ್ನು, ರೋಗಿಯ ನಾಚಿಕೆಯನ್ನಲ್ಲ. ಆದರೂ ಈ ಕಾಯಿಲೆಗೆ ಅಂಟಿಕೊಂಡಿರುವ ಕಳಂಕವನ್ನು ಫೋನಿನ ಮೂಲಕ ತಗ್ಗಿಸುವುದು ಸಾಧ್ಯವೇ ಎಂದು ಯೋಚಿಸುವವರು ಈ ಪಟ್ಟಿಯಿಂದಲೇ ಆರಂಭಿಸಬೇಕು ಎಂಬುದು ನನ್ನ ಅನಿಸಿಕೆ.

ನಮ್ಮಲ್ಲಿ ಆ ಪ್ರಶ್ನೆ ಹೇಗೆ ಬರುತ್ತದೆಂದು ಎಲ್ಲರಿಗೂ ಗೊತ್ತು. ನೋಡಲು ಬಂದವರು ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು, ದನಿ ತಗ್ಗಿಸಿ ಹೆಂಡತಿಯನ್ನು ಕೇಳುತ್ತಾರೆ: ‘ತುಂಬಾ ಸೇದ್ತಿದ್ರಾ?’ ‘ಅಯ್ಯೋ, ಮದುವೆಗೆ ಮುಂಚೆ ಯಾವಾಗಲೋ ಒಂದೆರಡು, ಆಮೇಲೆ ಮುಟ್ಟಿಲ್ಲ’ ಎಂದು ಆಕೆ ಗಂಡನ ಪರವಾಗಿ ವಕಾಲತ್ತು ಮಾಡಬೇಕು. ಮಲಗಿರುವವನಿಗೆ ಎಲ್ಲವೂ ಕೇಳಿಸುತ್ತಿರುತ್ತದೆ. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಬಂದವರನ್ನು ಯಾರೂ ‘ಎಷ್ಟು ಬೋಂಡ ತಿಂದಿದ್ದಿರಿ’ ಎಂದು ವಿಚಾರಣೆಗೆ ಒಡ್ಡುವುದಿಲ್ಲ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಅವರ ಹಳೆಯ ಮೈಸೂರು ಪಾಕಿನ ಲೆಕ್ಕ ತೆಗೆಯುವುದಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಮಾತ್ರ ರೋಗ ಎನ್ನಿಸಿಕೊಳ್ಳುವ ಮೊದಲು ಶಿಕ್ಷೆ ಎನ್ನಿಸಿಕೊಳ್ಳುತ್ತದೆ.

ಇದನ್ನು ಮೊದಲು ಎಚ್ಚರಿಕೆಯಿಂದ ಕೇಳಿಸಿಕೊಂಡವರಲ್ಲಿ ಆಕ್ಸ್‌ಫರ್ಡಿನ ಆಲಿಸನ್ ಚಾಪಲ್, ಸೂ ಝೀಬ್ಲಂಡ್ ಮತ್ತು ಆನ್ ಮೆಕ್‌ಫರ್ಸನ್ ಮುಖ್ಯರು. ಬ್ರಿಟನ್ನಿನ 45 ರೋಗಿಗಳನ್ನು ಮಾತಾಡಿಸಿ ಅವರು ಬರೆದ ಲೇಖನ 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸೇದಿದವರು, ಸೇದದವರು, ದಶಕಗಳ ಹಿಂದೆಯೇ ಬಿಟ್ಟವರು, ಎಲ್ಲರಿಗೂ ಒಂದೇ ಅನುಭವವಾಗಿತ್ತು: ಜನ ತಮ್ಮನ್ನೇ ದೂರುತ್ತಾರೆ. ಕೆಲವರು ಕಾಯಿಲೆಯನ್ನೇ ಮುಚ್ಚಿಟ್ಟಿದ್ದರು. ಮುಚ್ಚಿಟ್ಟದ್ದರಿಂದ ಸಿಗಬಹುದಾಗಿದ್ದ ನೆರವನ್ನೂ ಕೇಳದೆ ಉಳಿದವರಿದ್ದರು. ತಾವು ಸೇದಿದವರೆಂದು ಗೊತ್ತಾದರೆ ಚಿಕಿತ್ಸೆಯಲ್ಲಿ ತಾರತಮ್ಯವಾದೀತೆಂಬ ಭಯವೂ ಇತ್ತು. ಧೂಮಪಾನದ ವಿರುದ್ಧ ಟಿ.ವಿ.ಯಲ್ಲಿ ತೋರಿಸುವ ಭೀಕರ ಸಾವಿನ ಚಿತ್ರಗಳು ತಮ್ಮನ್ನು ಇನ್ನಷ್ಟು ಕುಗ್ಗಿಸುತ್ತವೆ ಎಂದವರೂ ಇದ್ದರು.

ಈ ಕೊನೆಯ ಮಾತನ್ನು ನಮ್ಮ ಊರಿಗೆ ತಂದು ನೋಡಿ. ಸಿಗರೇಟು, ಬೀಡಿ ಪೊಟ್ಟಣಗಳ ಮೇಲೆ 2016ರಿಂದ ಶೇ 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಿದೆ. ಸಿನಿಮಾ ಶುರುವಾಗುವ ಮೊದಲು ಸ್ಪಂಜಿನಂಥ ಶ್ವಾಸಕೋಶವನ್ನು ಹಿಂಡಿ ಕಪ್ಪು ಟಾರು ಇಳಿಸುವ ಜಾಹೀರಾತನ್ನು ನೋಡದ ಕನ್ನಡಿಗರು ಕಡಿಮೆ. ಇವು ಬೇಕು, ಇವುಗಳಿಂದ ಎಷ್ಟೋ ಜನ ಸೇದುವುದನ್ನು ಬಿಟ್ಟಿದ್ದಾರೆ. ಆದರೆ ಆ ಥಿಯೇಟರಿನ ಕತ್ತಲಲ್ಲಿ ಈಗಾಗಲೇ ಕಾಯಿಲೆ ಬಂದವನೂ ಕುಳಿತಿರುತ್ತಾನೆ, ಅವನ ಮಕ್ಕಳೂ ಇರುತ್ತಾರೆ. ಅವರಿಗಾಗಿ ನಾವು ಯಾವ ಮಾತನ್ನೂ ಸಿದ್ಧಪಡಿಸಿಲ್ಲ.

ಭಾರತದಲ್ಲಿ 2022ರ ಒಂದೇ ವರ್ಷ ಸುಮಾರು 81 ಸಾವಿರ ಜನರಿಗೆ ಹೊಸದಾಗಿ ಈ ಕ್ಯಾನ್ಸರ್ ಬಂದಿದೆಯೆಂದು ಗ್ಲೋಬೊಕ್ಯಾನ್ ಎಂಬ ಜಾಗತಿಕ ಕ್ಯಾನ್ಸರ್ ಅಂದಾಜು ಹೇಳುತ್ತದೆ. ಅವರೆಲ್ಲ ಸೇದಿದವರೇ? ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2012ರಲ್ಲಿ ಪ್ರಕಟಿಸಿದ 489 ರೋಗಿಗಳ ವಿವರದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸೇದದವರು. ಉತ್ತರ ಭಾರತದ ಕೆಲವು ಆಸ್ಪತ್ರೆಗಳ ಲೆಕ್ಕದಲ್ಲಿ ಸೇದಿದವರೇ ಹೆಚ್ಚು, ಒಂದೊಂದು ಕಡೆ ಒಂದೊಂದು ಚಿತ್ರ. ಹೆಂಗಸರ ಮಾತು ಬೇರೆಯೇ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸೇದುವ ಹೆಂಗಸರು ನೂರಕ್ಕೆ ಇಬ್ಬರು. ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲಿ ಘೋಷಿಸಿತು, ಡೀಸೆಲ್ ಹೊಗೆಯನ್ನು ಅದಕ್ಕೂ ಒಂದು ವರ್ಷ ಮೊದಲೇ ಆ ಪಟ್ಟಿಗೆ ಸೇರಿಸಿತ್ತು. ಮನೆಯೊಳಗಿನ ಸೌದೆ ಒಲೆಯ ಹೊಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗದಲ್ಲಿದೆ. ನಲವತ್ತು ವರ್ಷ ಆ ಒಲೆ ಊದಿದ ಅಜ್ಜಿಗೆ ಕಾಯಿಲೆ ಬಂದಾಗ ಊರವರು ‘ಯಾವ ಪಾಪಕ್ಕೋ’ ಎನ್ನುತ್ತಾರೆ.

ಇಲ್ಲಿ ಒಂದು ಎಚ್ಚರ ಬೇಕು. ‘ಸೇದದವರಿಗೂ ಬರುತ್ತದೆ’ ಎಂಬ ಮಾತು ನಿಜ, ಹೇಳಲೇಬೇಕಾದದ್ದು. ಆದರೆ ಕಳಂಕ ಕಳೆಯಲು ಅದೊಂದನ್ನೇ ನೆಚ್ಚಿಕೊಂಡರೆ ನಾವು ರೋಗಿಗಳನ್ನು ಎರಡು ಸಾಲಿನಲ್ಲಿ ನಿಲ್ಲಿಸುತ್ತೇವೆ: ಈ ಕಡೆ ಪಾಪದವರು, ಆ ಕಡೆ ಮಾಡಿದ್ದುಣ್ಣುವವರು. ಬೀಡಿ ಸೇದಿದ ಲಾರಿ ಡ್ರೈವರು, ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಸಿಗರೇಟು ಹಚ್ಚಿದ ಕಾರ್ಖಾನೆಯ ಕಾರ್ಮಿಕ, ಹದಿನಾರನೇ ವಯಸ್ಸಿನಲ್ಲಿ ಗೆಳೆಯರ ಜೊತೆ ಕಲಿತು ನಿಕೋಟಿನ್ನಿನ ಹಿಡಿತದಿಂದ ಬಿಡಿಸಿಕೊಳ್ಳಲಾಗದೆ ಹೋದ ಗುಮಾಸ್ತ, ಇವರಿಗೂ ನೋವು ಅಷ್ಟೇ, ಉಸಿರು ಕಟ್ಟುವುದೂ ಹಾಗೆಯೇ. ಅವರ ಕೈಗೆ ಅದನ್ನು ಕೊಟ್ಟು ಲಾಭ ಮಾಡಿಕೊಂಡವರನ್ನು ಯಾರೂ ಹಾಸಿಗೆಯ ಪಕ್ಕ ನಿಂತು ಪ್ರಶ್ನಿಸುವುದಿಲ್ಲ. ರೋಗಿ ತಾನು ನಿರಪರಾಧಿ ಎಂದು ಯಾರ ಮುಂದೆಯೂ ಸಾಬೀತು ಮಾಡಬೇಕಾಗಿ ಬರಬಾರದು. ಅಮೆರಿಕದಲ್ಲಿ ಹೈಡಿ ನ್ಯಾಫ್‌ಮನ್-ಓಂಡಾ ಎಂಬ ರೋಗಿ 2020ರಲ್ಲಿ ಮರದ ಹಲಗೆಯಿಂದ ಬಿಳಿ ರಿಬ್ಬನ್‌ಗಳನ್ನು ಮಾಡಿ ಹಂಚುವ ಅಭಿಯಾನ ಶುರುಮಾಡಿದಾಗ ಹಿಡಿದದ್ದು ಇದೇ ನಿಲುವನ್ನು: ಶ್ವಾಸಕೋಶ ಇರುವ ಯಾರಿಗಾದರೂ ಈ ಕಾಯಿಲೆ ಬರಬಹುದು. ಶ್ವಾಸಕೋಶದ ಕ್ಯಾನ್ಸರ್ ತಜ್ಞರ ಅಂತರರಾಷ್ಟ್ರೀಯ ಸಂಘವೂ 2021ರಲ್ಲಿ ವೈದ್ಯರಿಗೆ ಭಾಷೆಯ ಕೈಪಿಡಿಯೊಂದನ್ನು ಕೊಟ್ಟು, ರೋಗಿಯ ಮೇಲೆ ದೂರು ಹೊರಿಸುವ ಮಾತುಗಳನ್ನು ಕೈಬಿಡಿ ಎಂದು ಕೇಳಿಕೊಂಡಿತು.

ಹಾಗಾದರೆ ಫೋನು ಇದರಲ್ಲಿ ಏನು ಮಾಡಬಲ್ಲದು?

ಎದುರಿಗೆ ಮುಖ ಇಲ್ಲದಿದ್ದಾಗ ಮನುಷ್ಯ ಹೆಚ್ಚು ನಿಜ ಹೇಳುತ್ತಾನೆ. 1998ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಚಾರ್ಲ್ಸ್ ಟರ್ನರ್ ಮತ್ತು ಸಂಗಡಿಗರ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಅಮೆರಿಕದ ಹದಿಹರೆಯದ ಹುಡುಗರಲ್ಲಿ ಕೆಲವರಿಗೆ ಮುದ್ರಿತ ಪ್ರಶ್ನಾವಳಿ ಕೊಟ್ಟರು. ಉಳಿದವರ ಕಿವಿಗೆ ಹೆಡ್‌ಫೋನ್ ಹಾಕಿ, ಕಂಪ್ಯೂಟರ್ ಓದಿ ಹೇಳುವ ಪ್ರಶ್ನೆಗೆ ಗುಂಡಿ ಒತ್ತಿ ಉತ್ತರಿಸಲು ಹೇಳಿದರು. ಸಮಾಜ ತಲೆತಗ್ಗಿಸುವಂತೆ ಮಾಡುವ ಕೆಲವು ನಡವಳಿಕೆಗಳನ್ನು ಹೆಡ್‌ಫೋನಿನವರು ಮೂರು ಪಟ್ಟಿಗೂ ಹೆಚ್ಚು ಒಪ್ಪಿಕೊಂಡರು. ಈ ವಿಧಾನದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ದನಿ. ಓದಲು ಬಾರದವರಿಗೂ, ಓದಲು ಬಂದರೂ ಕನ್ನಡಕ ಹುಡುಕುವ ಚೈತನ್ಯವಿಲ್ಲದವರಿಗೂ ದನಿ ಸಾಕು. ಅದೂ ಅವರ ಕಡೆಯ ಕನ್ನಡದ ದನಿ. ಕಲಬುರಗಿಯ ಅಮ್ಮನಿಗೆ ಬೆಂಗಳೂರಿನ ವಾರ್ತಾವಾಚಕಿಯ ದನಿಯಲ್ಲಿ ಪ್ರಶ್ನೆ ಬಂದರೆ ಆಕೆ ‘ಆರಾಮ ಅದೀನ್ರಿ’ ಎಂದು ಮುಗಿಸಿಬಿಡುತ್ತಾಳೆ.

ಶ್ವಾಸಕೋಶದ ರೋಗಿ ಲಕ್ಷಣಗಳನ್ನು ಕಡಿಮೆ ಮಾಡಿ ಹೇಳಲು ಕಾರಣಗಳಿವೆ. ಕೆಮ್ಮು ಹೆಚ್ಚಾಯಿತು ಎಂದರೆ ‘ಮತ್ತೆ ಸೇದಿದಿರಾ?’ ಎನ್ನುತ್ತಾರೆ. ಮನಸ್ಸು ಸರಿಯಿಲ್ಲ ಎಂದರೆ ‘ಅವತ್ತೇ ಯೋಚನೆ ಮಾಡಬೇಕಿತ್ತು’ ಎನ್ನುತ್ತಾರೆ. ಇವರೆಲ್ಲರಿಗೂ ಈಗಾಗಲೇ ಭಾರವಾಗಿದ್ದೇನೆ, ಇನ್ನೇಕೆ ತೊಂದರೆ ಕೊಡಲಿ ಎಂದು ನೋವು ನುಂಗುತ್ತಾನೆ. ಓಪಿಡಿಯಲ್ಲಿ ಡಾಕ್ಟರ ಮುಂದೆ ಸಿಗುವ ನಾಲ್ಕು ನಿಮಿಷದಲ್ಲಿ ಮಗ ಮಾತಾಡುತ್ತಾನೆ, ರೋಗಿ ತಲೆಯಾಡಿಸುತ್ತಾನೆ. ಯಾರೂ ನೋಡದಿರುವಾಗ, ತನ್ನ ಹೊತ್ತಿನಲ್ಲಿ, ಉತ್ತರಕ್ಕೆ ಹುಬ್ಬೇರಿಸದ ಒಂದು ಪಟ್ಟಿಯ ಮುಂದೆ ಅದೇ ಮನುಷ್ಯ ‘ಕಫದಲ್ಲಿ ರಕ್ತ: ಹೌದು’ ಎಂದು ಒತ್ತುತ್ತಾನೆ. ಲೆ ಮಾನ್‌ನಲ್ಲಿ ಗಳಿಸಿದ ತಿಂಗಳುಗಳಲ್ಲಿ ಇದರ ಪಾಲೂ ಇದ್ದೀತು ಎಂದು ನಾನು ಊಹಿಸುತ್ತೇನೆ.

ಎರಡನೆಯ ದಾರಿ ಕಥೆಗಳದ್ದು. ಆನ್ ಮೆಕ್‌ಫರ್ಸನ್ ಅವರ ಹೆಸರು ಮೇಲೆ ಬಂತು. ವೃತ್ತಿಯಿಂದ ವೈದ್ಯೆ, ಸ್ವತಃ ಸ್ತನ ಕ್ಯಾನ್ಸರ್ ಅನುಭವಿಸಿದವರು. ತಮ್ಮಂತೆಯೇ ಕಾಯಿಲೆ ಬಿದ್ದ ಇನ್ನೊಬ್ಬರು ಏನು ಅನುಭವಿಸಿದರೆಂದು ತಿಳಿಯಲು ಎಲ್ಲಿಯೂ ಒಂದು ಜಾಗವಿಲ್ಲವೆಂದು ಕಂಡು, ಔಷಧ ತಜ್ಞ ಆಂಡ್ರ್ಯೂ ಹರ್ಕ್ಸ್‌ಹೈಮರ್ ಜೊತೆ ಸೇರಿ ರೋಗಿಗಳು ತಮ್ಮ ಬಾಯಿಂದಲೇ ಹೇಳುವ ಅನುಭವಗಳ ವಿಡಿಯೋ ಭಂಡಾರವನ್ನು 2001ರಲ್ಲಿ ಅಂತರ್ಜಾಲಕ್ಕೆ ತಂದರು. ಆ 45 ಜನರ ಮಾತುಗಳು ದೊರೆತದ್ದು ಈ ಕೆಲಸದ ಹಾದಿಯಲ್ಲೇ. ಕನ್ನಡದಲ್ಲಿ ಅಂಥದ್ದು ಬೇಕು. ಮಂಡ್ಯದ ರೈತನೊಬ್ಬ, ಮಂಗಳೂರಿನ ಕಡೆಯ ಬೀಡಿ ಕಟ್ಟುವ ಹೆಂಗಸೊಬ್ಬಳು, ಹುಬ್ಬಳ್ಳಿಯ ರೈಲ್ವೆ ನೌಕರನೊಬ್ಬ ‘ನನಗೂ ಹೀಗೇ ಅನ್ನಿಸ್ತಿತ್ತು’ ಎಂದು ಹೇಳುವುದನ್ನು ಹೊಸದಾಗಿ ಕಾಯಿಲೆ ಗೊತ್ತಾದವರು ಕೇಳುವಂತಾಗಬೇಕು. ಆದರೆ ವಿಡಿಯೋ ಎಲ್ಲವನ್ನೂ ಮಾಡೀತು ಎಂದುಕೊಳ್ಳಬೇಡಿ. ಮಾನಸಿಕ ಕಾಯಿಲೆಯ ಕಳಂಕದ ಬಗ್ಗೆ ಪ್ಯಾಟ್ರಿಕ್ ಕಾರಿಗನ್ ಮತ್ತಿತರರು 2012ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದೊಡ್ಡವರ ಮನಸ್ಸು ಬದಲಾಯಿಸುವುದರಲ್ಲಿ ತಿಳಿವಳಿಕೆ ಪಾಠಕ್ಕಿಂತ ರೋಗಿಯ ಒಡನಾಟವೇ ಮೇಲು, ಅದರಲ್ಲೂ ಪರದೆಗಿಂತ ಮುಖಾಮುಖಿ ಭೇಟಿಯೇ ಮೇಲು ಎಂದು ಕಂಡಿತು. ಆ್ಯಪ್ ಒಬ್ಬ ರೋಗಿಯನ್ನು ಇನ್ನೊಬ್ಬ ರೋಗಿಯ ಮನೆಯ ಜಗಲಿಯ ತನಕ ಕರೆದೊಯ್ದರೆ ಅದರ ಕೆಲಸ ಸಾರ್ಥಕ.

ಕರ್ನಾಟಕದಲ್ಲಿ ಇದನ್ನು ಕಟ್ಟಹೊರಟವರಿಗೆ ಫ್ರಾನ್ಸಿನಲ್ಲಿ ಇಲ್ಲದ ತೊಡಕೊಂದು ಎದುರಾಗುತ್ತದೆ. ಅಲ್ಲಿ ರೋಗಿಗೆ ತನ್ನ ಕಾಯಿಲೆಯ ಹೆಸರು ಗೊತ್ತಿರುತ್ತದೆ. ಇಲ್ಲಿ ಎಷ್ಟೋ ಸಲ ಗೊತ್ತಿರುವುದಿಲ್ಲ. ‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ಎದೆಯಲ್ಲಿ ಗಡ್ಡೆ ಆಗಿದೆ ಅಂತ ಮಾತ್ರ ಹೇಳಿದೀವಿ’ ಎನ್ನುವ ಮಗಳು ಕ್ರೂರಿಯಲ್ಲ, ತಂದೆಯನ್ನು ಕಾಪಾಡುತ್ತಿದ್ದೇನೆ ಎಂದೇ ಆಕೆ ನಂಬಿದ್ದಾಳೆ. ತಂದೆಗೂ ಒಳಗೊಳಗೇ ಗೊತ್ತಿರುತ್ತದೆ, ಮಗಳು ನೊಂದುಕೊಂಡಾಳೆಂದು ಅವನೂ ಕೇಳುವುದಿಲ್ಲ. ಕುಟುಂಬ ಮತ್ತು ವೈದ್ಯರು ಸೇರಿ ಹೀಗೆ ಮುಚ್ಚಿಡುವುದರ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರಾದ ಸಂತೋಷ್ ಚತುರ್ವೇದಿ ಮತ್ತು ಪ್ರಭಾ ಚಂದ್ರ ಅವರು 2009ರಲ್ಲೇ ಬರೆದಿದ್ದಾರೆ. ಅಂಥ ಮನೆಯಲ್ಲಿ ಫೋನಿನ ಪರದೆಯ ಮೇಲೆ ‘ನಿಮ್ಮ ಕ್ಯಾನ್ಸರ್ ಚಿಕಿತ್ಸೆಯ ನಾಲ್ಕನೇ ವಾರ’ ಎಂಬ ನೋಟಿಫಿಕೇಶನ್ ಬಂದು ಬಿದ್ದರೆ? ಮಗಳು ಆ ಆ್ಯಪನ್ನೇ ಅಳಿಸಿಹಾಕುತ್ತಾಳೆ, ಅಲ್ಲಿಗೆ ಮುಗಿಯಿತು.

ಫೋನು ಯಾರದು ಎಂಬುದೂ ಪ್ರಶ್ನೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ನೂರಕ್ಕೆ 54. ಉಳಿದವರ ಪಾಲಿನ ಫೋನು ಗಂಡನದು, ಮಗನದು, ಇಲ್ಲವೇ ಎಲ್ಲರದು. ಆನ್‌ಲೈನ್ ಕ್ಲಾಸಿಗೆಂದು ಮೊಮ್ಮಗ ತೆಗೆದುಕೊಂಡು ಹೋಗುವ ಫೋನಿನಲ್ಲಿ ಅಜ್ಜಿಯ ಗುಟ್ಟು ಉಳಿಯುವುದಿಲ್ಲ. ಆದ್ದರಿಂದ ನಮ್ಮ ಆ್ಯಪ್‌ಗೆ ಕಾಯಿಲೆಯ ಹೆಸರಿರಬಾರದು, ಐಕಾನ್‌ನಲ್ಲಿ ಶ್ವಾಸಕೋಶದ ಚಿತ್ರ ಇರಬಾರದು. ರೋಗಿಗೆ ಎಷ್ಟು ತಿಳಿಸಲಾಗಿದೆ ಎಂಬುದನ್ನು ನರ್ಸ್ ಮೊದಲೇ ಗುರುತು ಮಾಡಿಕೊಂಡು, ಅದಕ್ಕೆ ತಕ್ಕ ಭಾಷೆಯಲ್ಲಿ ಪ್ರಶ್ನೆ ಬರಬೇಕು. ಕೆಮ್ಮು, ಉಸಿರು, ಊಟ, ನಿದ್ದೆಗಳನ್ನು ಕೇಳಲು ಕಾಯಿಲೆಯ ಹೆಸರು ಹೇಳಬೇಕಾದ ಅಗತ್ಯವೇ ಇಲ್ಲ. ತಿಳಿದುಕೊಳ್ಳಬೇಕು ಎಂದು ರೋಗಿಯೇ ಬಯಸಿದ ದಿನ ಅದನ್ನು ಹೇಳುವ ಕೆಲಸ ವೈದ್ಯರದು, ಯಂತ್ರದ್ದಲ್ಲ.

ಗುಟ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ: ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ರೋಗಿ ರಾತ್ರಿ ಎರಡು ಗಂಟೆಗೆ ನಾಚಿಕೆ ಬಿಟ್ಟು ಒತ್ತಿದ ಉತ್ತರ ವಿಮಾ ಕಂಪನಿಗೋ, ಕೆಲಸ ಕೊಟ್ಟ ಮಾಲೀಕನಿಗೋ, ಜಾಹೀರಾತು ಮಾರುವವರಿಗೋ ತಲುಪಿದರೆ ಆ್ಯಪ್ ಕಳಂಕವನ್ನು ಕಡಿಮೆ ಮಾಡುವ ಬದಲು ಹರಡುತ್ತದೆ. ಉಚಿತವಾಗಿ ಸಿಗುವ ಆರೋಗ್ಯ ಆ್ಯಪ್‌ಗಳ ಬಗ್ಗೆ ನನಗಿರುವ ದೊಡ್ಡ ಆತಂಕ ಇದು.

ಕ್ಷಯದ ನೆನಪೂ ನಮ್ಮಲ್ಲಿ ಈ ಕಾಯಿಲೆಗೆ ಅಂಟಿಕೊಂಡಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ನಿಮ್ಹಾನ್ಸ್ ಮತ್ತು ಹಿಂದೆ ಟಿ.ಬಿ. ಸ್ಯಾನಟೋರಿಯಂ ಆಗಿದ್ದ ಎದೆರೋಗಗಳ ಆಸ್ಪತ್ರೆ ಮೂರೂ ಒಂದೇ ಆಸುಪಾಸಿನಲ್ಲಿವೆ. ಕೆಮ್ಮು, ಜ್ವರ, ತೂಕ ಇಳಿತ ಎರಡೂ ಕಾಯಿಲೆಗಳಲ್ಲಿ ಕಾಣುವುದರಿಂದ ಶ್ವಾಸಕೋಶದ ಕ್ಯಾನ್ಸರ್ ಇರುವ ಎಷ್ಟೋ ಜನ ಮೊದಲು ಟಿ.ಬಿ. ಮಾತ್ರೆ ನುಂಗುತ್ತಾ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ. ಕಾಯಿಲೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ಬೇರೆ ಲೋಟ, ಬೇರೆ ತಟ್ಟೆ, ಮಗುವನ್ನು ಹತ್ತಿರ ಬಿಡದಿರುವುದು ಮುಂದುವರಿಯುತ್ತದೆ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂಬ ಒಂದು ವಾಕ್ಯವನ್ನು, ರೋಗಿಗೆ ಹೇಳುವ ಮೊದಲು, ಮನೆಯವರ ವಾಟ್ಸ್‌ಆ್ಯಪ್‌ಗೆ ಆಸ್ಪತ್ರೆಯ ಹೆಸರಿನಲ್ಲೇ ಕಳಿಸಬೇಕು. ಕಳಂಕ ಇರುವುದು ರೋಗಿಯ ಮನಸ್ಸಿನಲ್ಲಿ ಮಾತ್ರವಲ್ಲ, ಆದ್ದರಿಂದ ಆ್ಯಪ್ ಮಾತಾಡಬೇಕಾದದ್ದೂ ಅವನೊಬ್ಬನ ಜೊತೆಗಲ್ಲ.

ಇನ್ನು ಸೇದುವ ಪ್ರಶ್ನೆ. ಅದನ್ನು ಎಂದೂ ಕೇಳಲೇಬಾರದೇ? ಕೇಳಬೇಕು, ಕಾರಣವಿದೆ. ರಷ್ಯಾದಲ್ಲಿ 517 ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆರಂಭದ ಹಂತದ ಶ್ವಾಸಕೋಶದ ಕ್ಯಾನ್ಸರ್ ಇದ್ದ, ಆಗಲೂ ಸೇದುತ್ತಿದ್ದ ಜನ ಅವರು. ಕಾಯಿಲೆ ಗೊತ್ತಾದ ಮೇಲೆ ಸೇದುವುದನ್ನು ಬಿಟ್ಟವರು, ಬಿಡದವರಿಗಿಂತ ಸುಮಾರು 22 ತಿಂಗಳು ಹೆಚ್ಚು ಬದುಕಿದರು. ‘ಇನ್ನು ಬಿಟ್ಟು ಏನು ಪ್ರಯೋಜನ’ ಎಂಬ ಮಾತು ಸುಳ್ಳು. ಆದರೆ ನಾಚಿಕೆಯಿಂದ ‘ಬಿಟ್ಟುಬಿಟ್ಟೆ ಸಾರ್’ ಎಂದು ಸುಳ್ಳು ಹೇಳಿದವನಿಗೆ ಬಿಡಿಸುವ ಸಹಾಯ ತಲುಪುವುದಾದರೂ ಹೇಗೆ? ಅದಕ್ಕೇ ಆ ಪ್ರಶ್ನೆ ನಂಬಿಕೆ ಬೆಳೆದ ಮೇಲೆ, ಕೆಲವು ವಾರ ಕಳೆದ ಮೇಲೆ, ಅವನಿಗೊಬ್ಬನಿಗೇ ಬರಬೇಕು. ಹಳೆಯ ಲೆಕ್ಕ ಕೇಳದೆ ‘ಈ ವಾರ ಸೇದಬೇಕು ಅನ್ನಿಸಿತೇ?’ ಎಂದಷ್ಟೇ ಕೇಳಬೇಕು. ಹೌದು ಎಂದರೆ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಅಲ್ಲಿಂದಲೇ ಕರೆ ಹೋಗುವಂತಿರಬೇಕು. 2018ರಿಂದ ಈ ಸಂಖ್ಯೆ ಪ್ರತಿ ಪೊಟ್ಟಣದ ಮೇಲೂ ಅಚ್ಚಾಗುತ್ತಿದೆ.

ಇಷ್ಟೆಲ್ಲ ಸರಿಹೋದರೂ ಕೊನೆಗೆ ಉಳಿಯುವುದು ಆಚೆ ತುದಿಯಲ್ಲಿ ಯಾರಿದ್ದಾರೆ ಎಂಬುದು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಈಥನ್ ಬ್ಯಾಶ್ ಮತ್ತು ಸಂಗಡಿಗರು ಬೇರೆ ಬೇರೆ ಕ್ಯಾನ್ಸರ್‌ಗಳ 766 ರೋಗಿಗಳ ಮೇಲೆ ಇಂಥದ್ದೇ ವ್ಯವಸ್ಥೆಯನ್ನು ಪರೀಕ್ಷಿಸಿದರು. ಲಕ್ಷಣ ತಿಳಿಸಿದವರ ಆಯುಷ್ಯದ ಮಧ್ಯಾಂಕ 31.2 ತಿಂಗಳು, ಉಳಿದವರದು 26. ಅಲ್ಲಿ ಬಂದ ಎಚ್ಚರಿಕೆಯ ಸಂದೇಶಗಳಲ್ಲಿ ಶೇ 77ಕ್ಕೆ ನರ್ಸ್‌ಗಳು ಏನಾದರೊಂದು ಕ್ರಮ ಕೈಗೊಂಡಿದ್ದರು: ಫೋನು ಮಾಡಿದರು, ಮಾತ್ರೆ ಬದಲಿಸಿದರು, ಆಸ್ಪತ್ರೆಗೆ ಬರಹೇಳಿದರು. ಕಂಪ್ಯೂಟರ್ ಬಳಸಿ ಅಭ್ಯಾಸವಿಲ್ಲದವರಿಗೆ ಬದುಕಿನ ಗುಣಮಟ್ಟದಲ್ಲಿ ಹೆಚ್ಚಿನ ಲಾಭವಾಗಿತ್ತು ಎಂಬುದು ನಮಗೆ ಧೈರ್ಯ ಕೊಡುವ ಸಂಗತಿ. ನಮ್ಮ ದೊಡ್ಡ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬೆಳಿಗ್ಗೆಯ ಓಪಿಡಿ ಸಾಲು ಕರಗುವುದೇ ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ. ಆ ಸಿಸ್ಟರ್‌ಗಳ ಹೆಗಲಿಗೇ ಇದನ್ನೂ ಹೊರಿಸಿದರೆ ಸಂದೇಶಗಳು ಓದದೆ ಉಳಿಯುತ್ತವೆ. ನಾಚಿಕೆ ಮೀರಿ ಒಮ್ಮೆ ಬಾಯಿಬಿಟ್ಟು, ಉತ್ತರ ಬಾರದೆ ಹೋದವನು ಎರಡನೇ ಸಲ ಹೇಳುವುದಿಲ್ಲ. ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಶುರುವಾದ ಟೆಲಿ ಮಾನಸ್ 14416 ಸಹಾಯವಾಣಿಗೆ ನಿಮ್ಹಾನ್ಸ್ ಮಾರ್ಗದರ್ಶಿಯಾಗಿದೆ, ಅಲ್ಲಿ ಕನ್ನಡದಲ್ಲಿ ಮಾತಾಡುವ ತರಬೇತಾದ ಜನರಿದ್ದಾರೆ. ಕ್ಯಾನ್ಸರ್ ರೋಗಿಗಳ ವಾರದ ಉತ್ತರಗಳನ್ನು ಓದಲೆಂದೇ ಅದೇ ಮಾದರಿಯಲ್ಲಿ ಪ್ರತಿ ಕ್ಯಾನ್ಸರ್ ಕೇಂದ್ರದಲ್ಲಿ ಇಬ್ಬರು ಮೂವರು ನರ್ಸ್‌ಗಳನ್ನು ನೇಮಿಸಬೇಕು. ಆ್ಯಪ್ ಬರೆಸುವ ಖರ್ಚು ಒಂದು ಸಲದ್ದು. ಇವರ ಸಂಬಳ ಪ್ರತಿ ತಿಂಗಳಿನದು, ಬಜೆಟ್ಟಿನಲ್ಲಿ ಮೊದಲು ತೆಗೆದಿಡಬೇಕಾದದ್ದೂ ಅದನ್ನೇ.